ಬರೆಯೋನೇ ಹೋದ್ಮೇಲೆ ಬ್ಯಾಂಡ್ ಯಾರದ್ದು?

ಓದುಗರ ಪ್ರಶ್ನೆ, ನಮ್ಮ ಸಂಗೀತ ಅಂಕಣಕಾರರ ಉತ್ತರ. ಈ ಸಲ ಕೊಡಗಿಂದ ಬಂದ ಪ್ರಶ್ನೆಗಳೇ ಜಾಸ್ತಿ, ಅವೂ ಹೆಚ್ಚುಕಮ್ಮಿ ಒಂದೇ ವಿಷಯದ ಸುತ್ತ ಇರೋದ್ರಿಂದ ಎಲ್ಲಾ ಒಟ್ಟಿಗೆ ಹಾಕಿದೀವಿ. ಹೆಸರು ಬೇಡ ಅಂತ ಸುಮಾರು ಜನ ಕೇಳ್ಕೊಂಡಿದ್ರಿಂದ ಊರು ಮಾತ್ರ.

ಪ್ರಶ್ನೆ: ಸರ್, ಬ್ಲ್ಯಾಕ್ ಕಂಟ್ರಿ, ನ್ಯೂ ರೋಡ್ ಅನ್ನೋ ಇಂಗ್ಲೆಂಡಿನ ಇಂಡಿ ಬ್ಯಾಂಡ್ ನಂಗೆ ತುಂಬಾ ಇಷ್ಟ. ಹಾಡ್ತಿದ್ದೋನು, ಸಾಹಿತ್ಯ ಬರೀತಿದ್ದೋನು ಐಸಾಕ್ ವುಡ್, ಅವನು ಬಿಟ್ಟುಹೋದ. ಆಮೇಲೆ ಬಂದ 'ಫಾರೆವರ್ ಹೌಲಾಂಗ್' ಆಲ್ಬಂ ನಂಗೆ ಹಿಡಿಸಿದೆ, ಆದ್ರೆ ಫ್ರೆಂಡ್ಸ್ ಎಲ್ಲಾ 'ಹೆಸರಷ್ಟೇ ಉಳಿದಿದೆ, ಬ್ಯಾಂಡ್ ಮುಗೀತು' ಅಂತಾರೆ. ಯಾರು ಸರಿ?
ಗೋಣಿಕೊಪ್ಪಲು

ಉತ್ತರ: ನಿಮಗೆ ಹಿಡಿಸಿದ್ರೆ ನೀವು ಸರಿ, ಅಲ್ಲಿಗೆ ಮುಗೀಬೇಕಿತ್ತು ಈ ಉತ್ತರ. ಆದ್ರೆ ನಿಮ್ಮ ಫ್ರೆಂಡ್ಸ್ ಹೇಳೋದ್ರಲ್ಲಿ ಒಂಚೂರು ನಿಜ ಇದೆ, ಅದನ್ನ ತಳ್ಳಿಹಾಕೋಕಾಗಲ್ಲ. ಐಸಾಕ್ ಹೊರಗೆ ಹೋಗಿದ್ದು 2022ರ ಜನವರಿ 31ಕ್ಕೆ, ಎರಡನೇ ಆಲ್ಬಂ ಬಂದಿದ್ದು ಫೆಬ್ರವರಿ 4ಕ್ಕೆ. ಅಂದ್ರೆ ಮದುವೆ ಛತ್ರ ಬುಕ್ ಆಗಿ, ಊಟಕ್ಕೆ ಹೇಳಿ, ವಾಲಗದವರೂ ಬಂದ್ಮೇಲೆ ಮದುಮಗನೇ ಇಲ್ಲ ಅನ್ನೋ ಪರಿಸ್ಥಿತಿ. ಜಗಳ ಅಂತ ಏನೂ ಇರ್ಲಿಲ್ಲ, ಮನಸ್ಸಿಗೆ ಆಗ್ತಿಲ್ಲ, ಹಾಡೋದು ಗಿಟಾರ್ ನುಡಿಸೋದು ಕಷ್ಟ ಆಗ್ತಿದೆ ಅಂತ ಅವನೇ ಬರೆದು ತಿಳಿಸಿದ್ದ. ಆ ಆಲ್ಬಂ ಇಂಗ್ಲೆಂಡಿನ ಚಾರ್ಟಲ್ಲಿ ಮೂರನೇ ಜಾಗಕ್ಕೆ ಹೋಯ್ತು, ಹಾಡೋಕೆ ಮಾತ್ರ ಆಳಿಲ್ಲ.

ಈಗ ಉಳಿದ ಆರು ಜನ ಏನ್ ಮಾಡಿದ್ರು ನೋಡಿ. ಬೇರೆ ಒಬ್ಬನ್ನ ಕರ್ಕೊಂಡ್ ಬಂದು ಐಸಾಕ್ ಥರಾನೇ ಹಾಡಪ್ಪಾ ಅನ್ಬೋದಿತ್ತು, ತುಂಬಾ ಬ್ಯಾಂಡ್‌ಗಳು ಅದನ್ನೇ ಮಾಡೋದು, ದುಡ್ಡೂ ಬರುತ್ತೆ. ಇವರು ಅವನಿದ್ದಾಗಿನ ಒಂದು ಹಾಡನ್ನೂ ಸ್ಟೇಜಲ್ಲಿ ನುಡಿಸಲ್ಲ ಅಂತ ತೀರ್ಮಾನ ಮಾಡಿದ್ರು. ಆ ಬೇಸಿಗೆಗೆ ಕಾರ್ಯಕ್ರಮಗಳು ಇದ್ವು, ಕೆಲವೇ ತಿಂಗಳಲ್ಲಿ ಪೂರ್ತಿ ಹೊಸ ಹಾಡುಗಳನ್ನ ಬರೆದ್ಕೊಂಡು ಹೋಗಿ ನಿಂತ್ರು. ಡಿಸೆಂಬರಲ್ಲಿ ಲಂಡನ್ನಿನ ಬುಷ್ ಹಾಲಲ್ಲಿ ಮೂರು ಶೋ, ಒಂದೊಂದು ಶೋ ಒಂದೊಂದು ಸ್ಕೂಲ್ ಡ್ರಾಮಾ ಅನ್ನೋ ಹಾಗೆ ಸೆಟ್ಟು, ವೇಷ ಎಲ್ಲಾ. ಅದೇ ರೆಕಾರ್ಡಿಂಗು 2023ರಲ್ಲಿ ಲೈವ್ ಆಲ್ಬಂ ಆಗಿ ಬಂತು. ಸ್ಟುಡಿಯೋಗೆ ಹೋಗಿ ಸೀರಿಯಸ್ ಮುಖ ಮಾಡ್ಕೊಂಡು 'ನಮ್ಮ ಮೂರನೇ ಆಲ್ಬಂ' ಅಂತ ಕೊಟ್ಟಿದ್ರೆ ಎಲ್ಲರೂ ತಕ್ಕಡಿ ಹಿಡ್ಕೊಂಡು ಕೂರ್ತಿದ್ರು, ಡ್ರಾಮಾ ವೇಷ ಹಾಕಿದವರನ್ನ ಯಾರು ತೂಗ್ತಾರೆ. ನನಗಂತೂ ಅದು ಭಾರೀ ಜಾಣತನ ಅನ್ಸುತ್ತೆ.

'ಫಾರೆವರ್ ಹೌಲಾಂಗ್' ಬಂದಿದ್ದು 2025ರ ಏಪ್ರಿಲ್ 4ಕ್ಕೆ. ಟೈಲರ್ ಹೈಡ್, ಜಾರ್ಜಿಯಾ ಎಲರಿ, ಮೇ ಕರ್ಶಾ, ಮೂರು ಜನ ಹುಡುಗೀರು ಹಾಡು ಹಂಚ್ಕೊಂಡಿದಾರೆ. ಲೈವ್ ಆಲ್ಬಂನಲ್ಲಿ ಹಾಡಿದ್ದ ಸ್ಯಾಕ್ಸಫೋನ್‌ನ ಲೂಯಿಸ್ ಇವಾನ್ಸ್ ಇದರಲ್ಲಿ ಹಾಡೋದ್ರಿಂದ ಹಿಂದೆ ಸರಿದ. ಒಂದೊಂದು ಹಾಡಿಗೂ ಒಂದೊಂದು ಮನೆಯ ವಾಸನೆ, ಅದು ಗುಣಾನೂ ಹೌದು ದೋಷಾನೂ ಹೌದು. ಐಸಾಕ್ ಇದ್ದಾಗ ಮೊದಲಿಂದ ಕೊನೇವರೆಗೂ ಒಬ್ಬನದೇ ಸಂಕಟ ಹರ್ಕೊಂಡು ಹೋಗ್ತಿತ್ತು, ಕೇಳ್ತಾ ಕೇಳ್ತಾ ನಮ್ಮನ್ನೂ ಎಳ್ಕೊಂಡೋಗ್ತಿತ್ತು, ಆ ಎಳೆತ ಇಲ್ಲಿಲ್ಲ. ಮಧ್ಯೆ ಒಂದೆರಡು ಕಡೆ ನಂಗೆ ಸ್ವಲ್ಪ ಎಳೆದಾಡಿದ ಹಾಗೂ ಅನ್ಸುತ್ತೆ. ಆದ್ರೆ ಮೂರೂ ಜನ ಒಟ್ಟಿಗೆ ಹಾಡೋ 'ಮೇರಿ' ಅನ್ನೋ ಹಾಡು ಹಾಕಿ, ವಾದ್ಯ ಜಾಸ್ತಿ ಇಲ್ಲ, ಮೂರು ದನಿ ಹತ್ತಿರ ಹತ್ತಿರ ಬಂದು ಕೂರೋದು ಕೇಳಿಸುತ್ತೆ, ಐಸಾಕ್ ಇದ್ದಿದ್ರೆ ಈ ಹಾಡು ಹುಟ್ಟೋದಕ್ಕೆ ದಾರಿನೇ ಇರ್ಲಿಲ್ಲ. ನಿಮ್ಮ ಫ್ರೆಂಡ್ಸ್‌ಗೆ ಇದೊಂದು ಕೇಳ್ಸಿ, ಆಮೇಲೂ ಮುಗೀತು ಅಂದ್ರೆ ಬಿಟ್ಬಿಡಿ, ಹಳೇ ಎರಡು ಆಲ್ಬಂ ಎಲ್ಲಿಗೂ ಹೋಗಿಲ್ಲ.

ಪ್ರಶ್ನೆ: ಇಂಡಿ ಇಂಡಿ ಅಂತೀರಲ್ಲಾ, ಅದು ವಿಜಯಪುರ ಜಿಲ್ಲೆಯ ಇಂಡಿನಾ?
ಕುಶಾಲನಗರ

ಉತ್ತರ: ಅಲ್ಲ, ಅಲ್ಲಿ ನಿಂಬೆಹಣ್ಣು ಸಿಗುತ್ತೆ, ಇಲ್ಲಿ ಅದೂ ಸಿಗಲ್ಲ. ದೊಡ್ಡ ಕಂಪನಿ ಹಂಗಿಲ್ಲದೆ ತಮ್ಮ ಖರ್ಚಲ್ಲಿ, ಇಲ್ಲಾಂದ್ರೆ ಸಣ್ಣ ಲೇಬಲ್ ಜೊತೆ ಹಾಡು ಮಾಡೋರಿಗೆ ಹಾಗಂತಾರೆ.

ಪ್ರಶ್ನೆ: ಸರ್, ನಾವು ನಾಲ್ಕು ಜನ ಕಾಲೇಜಿಂದ ಒಂದು ಬ್ಯಾಂಡ್ ಮಾಡ್ಕೊಂಡಿದ್ವಿ, ವೀಕೆಂಡಲ್ಲಿ ಹೋಂಸ್ಟೇಗಳಲ್ಲಿ ಕ್ಯಾಂಪ್‌ಫೈರ್ ಹತ್ರ ಸಿನಿಮಾ ಹಾಡು ಹಾಡಿ ಬಂದ ದುಡ್ಡಲ್ಲಿ ನಮ್ಮದೇ ಹಾಡು ರೆಕಾರ್ಡ್ ಮಾಡ್ತಿದ್ವಿ. ಬರೀತಿದ್ದ ಗೆಳೆಯ ಕಳೆದ ಮಳೆಗಾಲ ತೀರ್ಕೊಂಡ. ಅವನಿಗೆ ಮದುವೆ ಆಗಿರ್ಲಿಲ್ಲ. ಅವನ ಫೋನಲ್ಲಿ ತುಂಬಾ ವಾಯ್ಸ್ ನೋಟ್ ಇದಾವೆ, ಅರ್ಧ ಸಾಹಿತ್ಯ, ಇನ್ನರ್ಧ ಬರೀ ಗುನುಗೋದು, ಹಿಂದೆ ಶೀಟಿನ ಮೇಲೆ ಮಳೆ ಸೌಂಡು. ಅವರಮ್ಮ ಫೋನ್ ನಮ್ಮ ಕೈಗೇ ಕೊಟ್ಟು 'ನೀವೇ ಏನಾದ್ರೂ ಮಾಡಿ ಮಕ್ಳೇ' ಅಂದ್ರು. ಅದನ್ನ ಮುಗ್ಸಿ ಆಲ್ಬಂ ಮಾಡ್ಬೋದಾ? ಯಾರ ಹೆಸರಲ್ಲಿ? ನಮ್ಮ ಡ್ರಮ್ಮರ್ ಎಐ ಹಾಕಿ ಅವನ ದನಿಯಲ್ಲೇ ಹಾಡಿಸೋಣ ಅಂತಾನೆ.
ವಿರಾಜಪೇಟೆ

ಉತ್ತರ: ತಮ್ಮಾ, ಮೊದಲು ಆ ಫೋನಿನ ಫೈಲ್‌ಗಳನ್ನೆಲ್ಲಾ ಇದ್ದ ಹಾಗೇ ಎರಡು ಕಡೆ ಕಾಪಿ ಮಾಡಿಡಿ, ವಾಟ್ಸಾಪಲ್ಲಿ ಕಳಿಸ್ಕೊಂಡು ಇಟ್ಕೊಳ್ಳೋದಲ್ಲ, ಅದು ಆಡಿಯೋನ ಒತ್ತಿ ಹಾಳು ಮಾಡ್ಬೋದು, ಕೇಬಲ್ ಹಾಕಿ ತಗೀರಿ, ಒಂದು ಹಾರ್ಡ್ ಡಿಸ್ಕು ಅವರಮ್ಮನ ಮನೇಲೇ ಇರ್ಲಿ. ಕೊಡಗಿನ ಮಳೆಗಾಲದ ತೇವಕ್ಕೆ ಫೋನು ಯಾವತ್ತು ಕೈಕೊಡುತ್ತೆ ಹೇಳೋಕಾಗಲ್ಲ.

ಕಾನೂನು ಭಾಗ ಬೇಗ ಹೇಳ್ಬಿಡ್ತೀನಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಾಡಿನ ಮಾತು ಬೇರೆ ಕೃತಿ, ಟ್ಯೂನ್ ಬೇರೆ ಕೃತಿ. ಎರಡರ ಹಕ್ಕೂ ಬರೆದವನು ಇರೋವರೆಗೆ, ಹೋದ್ಮೇಲೆ ಇನ್ನೂ 60 ವರ್ಷ, ಅದು ವಾರಸುದಾರರಿಗೆ ಸೇರುತ್ತೆ, ರಿಜಿಸ್ಟರ್ ಮಾಡಿಸಿರ್ಲೇಬೇಕು ಅಂತೇನಿಲ್ಲ. ಮದುವೆ ಆಗದ ಹುಡುಗ, ವಿಲ್ ಇಲ್ಲ, ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸೋ ಮನೆ ಅಂದ್ರೆ ಮೊದಲ ವಾರಸುದಾರರು ತಾಯಿ, ಅಪ್ಪ ಆಮೇಲಿನ ಸಾಲಲ್ಲಿ ಬರ್ತಾರೆ. ಬೇರೆ ಧರ್ಮದ ಮನೆ ಆದ್ರೆ ಲೆಕ್ಕ ಬೇರೆ, ವಿರಾಜಪೇಟೆ ಕೋರ್ಟ್ ಹತ್ರ ಒಬ್ಬ ಲಾಯರ್‌ನ ಕೇಳಿ. 'ಏನಾದ್ರೂ ಮಾಡಿ ಮಕ್ಳೇ' ಅನ್ನೋದು ಆ ತಾಯಿಯ ದೊಡ್ಡ ಮನಸ್ಸು, ಕಾಗದಕ್ಕೆ ಅದು ಸಾಲಲ್ಲ, ಯಾವ ಹಾಡು, ಏನು ಮಾಡ್ತೀವಿ, ಬಂದ ದುಡ್ಡಲ್ಲಿ ಅವರಿಗೆಷ್ಟು ಅಂತ ಬರೆದು ಸಹಿ ತಗೊಳ್ಳಿ, ಅಪ್ಪ ಇದ್ರೆ ಅವರದ್ದೂ ತಗೊಳ್ಳಿ, ಮನಸ್ತಾಪ ಬೇಡ. ಹಾಡು ಬರೆದವರ ರಾಯಲ್ಟಿ ವಸೂಲಿ ಮಾಡಿ ಕೊಡೋ ಮುಂಬೈನ ಐಪಿಆರ್‌ಎಸ್ ಸಂಸ್ಥೆಗೆ ಬರಹಗಾರರ ವಾರಸುದಾರರೂ ಮೆಂಬರ್ ಆಗ್ಬೋದು, ರಾಯಲ್ಟಿ ಅಲ್ಲಿಂದ ಅವರಮ್ಮನ ಅಕೌಂಟಿಗೇ ಬರೋ ಹಾಗೆ ಮಾಡಿ. ನೀವು ಸೇರಿಸಿದ ಸಾಲಿಗೆ ನಿಮ್ಮ ಹೆಸರು, ಅವನ ಸಾಲಿಗೆ ಅವನ ಹೆಸರು.

ಇನ್ನು ನಿಜವಾದ ಪ್ರಶ್ನೆ, ಮುಗಿಸ್ಬೇಕಾ ಬೇಡ್ವಾ. ಇಂಗ್ಲೆಂಡಲ್ಲೇ ಇನ್ನೊಂದು ಕಥೆ ಇದೆ. ಜಾಯ್ ಡಿವಿಜನ್ ಬ್ಯಾಂಡಿನ ಇಯಾನ್ ಕರ್ಟಿಸ್ 1980ರ ಮೇ 18ಕ್ಕೆ ತೀರ್ಕೊಂಡ, ಸಾಹಿತ್ಯ ಹೆಚ್ಚುಕಮ್ಮಿ ಎಲ್ಲಾ ಅವನದೇ. ನಮ್ಮಲ್ಲಿ ಯಾರೇ ಹೋದ್ರೂ ಈ ಹೆಸರು ಇಟ್ಕೊಳ್ಳಲ್ಲ ಅಂತ ಮೊದಲೇ ಮಾತಾಡ್ಕೊಂಡಿದ್ರು, ಹಾಗೇ ಉಳಿದ ಮೂವರು ನ್ಯೂ ಆರ್ಡರ್ ಅಂತ ಹೆಸರು ಬದಲಾಯಿಸಿದ್ರು. ಅವನು ಕೊನೆಗೆ ಬರೆದ ಎರಡು ಹಾಡು ಇನ್ನೂ ಸರಿಯಾಗಿ ರೆಕಾರ್ಡ್ ಆಗಿರ್ಲಿಲ್ಲ, ಮಾತು ಬರೆದಿಟ್ಟ ಹಾಳೆ ಕೂಡ ಇಲ್ಲ, ಹಳೇ ಟೇಪಲ್ಲಿ ಗಲಾಟೆ ನಡುವೆ ಕೇಳಿಸ್ಕೊಂಡು ಪದ ಪದ ಹೆಕ್ಕಿದ್ರು. ಆ ಎರಡು ಹಾಡೇ 1981ರಲ್ಲಿ ಹೊಸ ಹೆಸರಿನ ಮೊದಲ ಸಿಂಗಲ್. ಅದೇ ವರ್ಷ ಬಂದ ಮೊದಲ ಆಲ್ಬಂ 'ಮೂವ್‌ಮೆಂಟ್' ಕೇಳಿದ್ರೆ ಪಾಪ ಅನ್ಸುತ್ತೆ, ಹೋದವನ ದನಿಯ ನೆರಳಲ್ಲೇ ತಡವರಿಸ್ತಿದಾರೆ. 1983ರಲ್ಲಿ 'ಬ್ಲೂ ಮಂಡೇ' ಬಂದಾಗ ಇಡೀ ಯುರೋಪು ಕುಣೀತು, ಅದರಲ್ಲಿ ಇಯಾನ್‌ನ ಗುರುತೂ ಇಲ್ಲ. ಇವರು ಹೆಸರು ಬಿಟ್ಟು ಹಾಡು ಉಳಿಸ್ಕೊಂಡ್ರು, ಮೇಲೆ ಹೇಳಿದ ಬ್ಲ್ಯಾಕ್ ಕಂಟ್ರಿಯವರು ಹಾಡು ಬಿಟ್ಟು ಹೆಸರು ಉಳಿಸ್ಕೊಂಡ್ರು, ಎರಡೂ ನಡೀತು. ಎರಡನ್ನೂ ಇಟ್ಕೊಂಡು ಏನೂ ಆಗೇ ಇಲ್ಲ ಅನ್ನೋ ಹಾಗೆ ನಡ್ಕೊಳ್ಳೋದು ಇದೆಯಲ್ಲ, ನಂಗೆ ಅದೊಂದು ಒಪ್ಪಿಗೆ ಆಗಲ್ಲ.

ಹಾಗಾಗಿ ನನ್ನ ಮಾತು ಕೇಳೋದಾದ್ರೆ, ಅವನು ಹೆಚ್ಚುಕಮ್ಮಿ ಪೂರ್ತಿ ಮಾಡಿದ ಒಂದೆರಡು ಹಾಡು ಮಾತ್ರ ತಗೊಳ್ಳಿ, ಉಳಿದಿದ್ದು ನೀವೇ ಬರೀರಿ, ಕೆಟ್ಟದಾಗಿ ಬಂದ್ರೂ ಪರ್ವಾಗಿಲ್ಲ. ಗುನುಗಿದ ಕಡೆ ಪದ ತುಂಬಿಸ್ಲೇಬೇಕು ಅಂತೇನಿಲ್ಲ, ಗುನುಗನ್ನ ಗುನುಗಾಗೇ ಬಿಡಿ, ಮಳೆ ಸೌಂಡನ್ನೂ ಯಾರೂ ಕ್ಲೀನ್ ಮಾಡೋಕೆ ಹೋಗ್ಬೇಡಿ. ಡ್ರಮ್ಮರ್‌ಗೆ ಹೇಳಿ, ಬೀಟಲ್ಸ್‌ನವರು 2023ರಲ್ಲಿ ಜಾನ್ ಲೆನನ್‌ನ ಹಳೇ ಕ್ಯಾಸೆಟ್ಟಿಂದ ಹಾಡು ತೆಗೆದಾಗ ಕಂಪ್ಯೂಟರ್ ಮಾಡಿದ ಕೆಲಸ ಪಿಯಾನೋ ಸೌಂಡಿಂದ ಅವನ ದನಿನ ಬೇರೆ ಮಾಡಿದ್ದು, ಅವನು ಹಾಡದೇ ಇದ್ದಿದ್ದನ್ನ ಹಾಡಿಸಿದ್ದಲ್ಲ. ಅವನ ದನಿ ಕೃತಕವಾಗಿ ಮಾಡಿ ಅವರಮ್ಮನಿಗೆ ಕೇಳಿಸೋ ಧೈರ್ಯ ನಿಮಗಿದ್ಯಾ? ನಂಗಂತೂ ಇಲ್ಲ.

ಪ್ರಶ್ನೆ: ಪುತ್ತರಿ ಸುಗ್ಗಿ ಹಬ್ಬಕ್ಕೆ ನಮ್ಮ ಮಂದ್‌ನಲ್ಲಿ, ಅಂದ್ರೆ ಊರ ಬಯಲಲ್ಲಿ, ಹಾಡೋ ಕೊಡವ ಪಾಟ್‌ಗಳನ್ನ (ಹಾಡುಗಳನ್ನ) ಬರೆದವರು ಯಾರು ಅಂತ ನಮ್ಮ ತಾತನಿಗೂ ಗೊತ್ತಿಲ್ಲ. ಬರೆದವರಿಲ್ಲದೆ ಹಾಡು ಉಳಿಯೋದಾದ್ರೆ ಸಾಂಗ್‌ರೈಟರ್ ಹೋದ ಅಂತ ಈ ಬ್ಯಾಂಡ್‌ಗಳು ಯಾಕೆ ಇಷ್ಟು ಒದ್ದಾಡ್ತಾವೆ?
ಪೊನ್ನಂಪೇಟೆ

ಉತ್ತರ: ಒಳ್ಳೇ ತರ್ಲೆ ಪ್ರಶ್ನೆ. ದುಡಿಕೊಟ್ಟ್ ಪಾಟ್ ಹಾಡೋದು ನೋಡಿದೀರಲ್ಲ, ನಾಲ್ಕು ಜನ, ಕೈಯಲ್ಲಿ ದುಡಿ ಅನ್ನೋ ಪುಟ್ಟ ವಾದ್ಯ, ಇಬ್ಬರು ಒಂದು ಸಾಲು ಹೇಳಿದ್ರೆ ಇನ್ನಿಬ್ಬರು ಅದನ್ನೇ ತಿರುಗಿ ಹೇಳ್ತಾರೆ, ಆ ತಿರುಗಿ ಹೇಳೋದ್ರಲ್ಲೇ ಹಾಡು ಇನ್ನೊಬ್ಬರ ಬಾಯಿಗೆ ದಾಟಿಬಿಡುತ್ತೆ, ಒಬ್ಬ ಹೋದ್ರೆ ಅವನ ಜಾಗಕ್ಕೆ ಸಾಲು ಗೊತ್ತಿರೋ ಇನ್ನೊಬ್ಬ ಬಂದು ನಿಲ್ತಾನೆ. ಹಾಗಿದ್ರೂ ಅದೂ ತಾನಾಗೇ ಏನೂ ಉಳಿದಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಕೆಲಸದ ನಡುವೆನೇ ಹಾಡು ಗೊತ್ತಿದ್ದವರನ್ನ ಹುಡುಕಿ, ಕೇಳಿ ಬರ್ಕೊಂಡು, 1924ರಲ್ಲಿ 'ಪಟ್ಟೋಲೆ ಪಳಮೆ' ಅನ್ನೋ ಕೊಡವ ಹಾಡುಗಳ ಸಂಗ್ರಹ ಅಚ್ಚು ಹಾಕಿಸದೇ ಇದ್ದಿದ್ರೆ ಎಷ್ಟೋ ಹಾಡು ಹಾಡೋರ ಜೊತೆಗೇ ಹೋಗಿರೋದು. ಇಂಡಿ ಬ್ಯಾಂಡಿನ ಹಾಡು ಒಬ್ಬನ ರೂಮಲ್ಲಿ ಒಬ್ಬನ ನೋವಿಗೆ ಹುಟ್ಟಿದ್ದು, ಅದನ್ನ ಪಕ್ಕದವನು ತಿರುಗಿ ಹೇಳೋ ಅಭ್ಯಾಸನೇ ಇರಲ್ಲ, ಒದ್ದಾಟ ಅದಕ್ಕೇ.

ಪ್ರಶ್ನೆ: ನಮ್ಮ ಬ್ಯಾಂಡಲ್ಲಿ ಬರೀತಿದ್ದವಳು ಕೆನಡಾಕ್ಕೆ ಓದೋಕೆ ಹೋದ್ಲು. ಆಲ್ಬಂ ಮುಕ್ಕಾಲು ಮುಗಿದಿದೆ. ಕಾಯೋದಾ, ಬಿಡೋದಾ?
ಮಡಿಕೇರಿ

ಉತ್ತರ: ಅಮೆರಿಕದ ಟೆಕ್ಸಾಸ್‌ನಲ್ಲಿ ಮಿಡ್‌ಲೇಕ್ ಅನ್ನೋ ಬ್ಯಾಂಡ್ ಎರಡು ವರ್ಷ ಒಂದು ಆಲ್ಬಂಗೆ ಮಣ್ಣು ಹೊತ್ತಿತ್ತು, 2012ರಲ್ಲಿ ಬರೆಯೋ, ಹಾಡೋ ಟಿಮ್ ಸ್ಮಿತ್ ಬಿಟ್ಟುಹೋದ. ಇವರು ಅಷ್ಟನ್ನೂ ಪಕ್ಕಕ್ಕಿಟ್ಟು ಹೊಸದಾಗಿ ಶುರುಮಾಡಿ 2013ರಲ್ಲಿ 'ಆಂಟಿಫನ್' ತಂದ್ರು. ನಿಮ್ಮದು ಅಷ್ಟು ಕಷ್ಟದ್ದಲ್ಲ, ಅವಳು ಬದುಕಿದಾಳೆ, ಫೋನಿದೆ, ಕೇಳಿ. ಬೇಡ ಅಂದ್ರೆ ಬೇಡ. ಸರಿ ಅಂದ್ರೆ ಅವಳ ಹೆಸರು ದಪ್ಪಕ್ಷರದಲ್ಲಿ ಹಾಕಿ ಬಿಡುಗಡೆ ಮಾಡಿ, ಕಾಯೋಕೆ ಹೋಗ್ಬೇಡಿ, ಓದೋಕೆ ಹೋದವರು ಅಲ್ಲೇ ಕೆಲಸ ಹಿಡಿಯೋದು ನಮಗೇನು ಹೊಸದಾ.

ಪ್ರಶ್ನೆ: ನಾವು ಐದೂ ಜನ ಗಟ್ಟಿಮುಟ್ಟಾಗಿದೀವಿ, ಜಗಳನೂ ಇಲ್ಲ. ಮೇಲಿನ ಥರ ಗೋಜಲಾಗ್ದೇ ಇರೋಕೆ ಈಗ್ಲೇ ಏನ್ ಮಾಡ್ಬೇಕು? ಸ್ಟಾಂಪ್ ಪೇಪರ್ ಬೇಕಾ?
ಸೋಮವಾರಪೇಟೆ

ಉತ್ತರ: ಹಾಡು ಮುಗಿದ ದಿನವೇ ಒಂದು ಹಾಳೆ ತಗೊಂಡು ಹಾಡಿನ ಹೆಸರು, ಮಾತು ಯಾರದ್ದು, ಟ್ಯೂನ್ ಯಾರದ್ದು, ಯಾರಿಗೆ ನೂರರಲ್ಲಿ ಎಷ್ಟು ಅಂತ ಬರೆದು ಐದೂ ಜನ ಸಹಿ ಹಾಕಿ, ತಾರೀಕು ಹಾಕಿ, ಫೋಟೋ ತೆಗೆದು ಎಲ್ಲರಿಗೂ ಮೇಲ್ ಮಾಡ್ಕೊಳ್ಳಿ. ಸ್ಟಾಂಪ್ ಪೇಪರ್ ಬೇಕಾ ಅನ್ನೋದನ್ನ ಒಬ್ಬ ಲಾಯರ್‌ನ ಕೇಳಿ, ಅದಕ್ಕೆ ಕಾದು ಹಾಳೆ ಬರೆಯೋದು ಮಾತ್ರ ತಡ ಮಾಡ್ಬೇಡಿ. ಬ್ಯಾಂಡ್ ಹೆಸರು ಯಾರದ್ದು ಅನ್ನೋದನ್ನೂ ಅದರ ಕೆಳಗೇ ಒಂದು ಸಾಲಲ್ಲಿ ಬರ್ಕೊಳ್ಳಿ, ಜಗಳ ಇಲ್ದಿರೋವಾಗ ಅದಕ್ಕೆ ಎರಡೇ ನಿಮಿಷ ಸಾಕು. ಮತ್ತೆ ಬರೆಯೋ ಒಬ್ಬರನ್ನೇ ನೆಚ್ಕೊಂಡು ಉಳಿದ ನಾಲ್ಕು ಜನ ಕೈಕಟ್ಟಿ ಕೂರ್ಬೇಡಿ, ಮುಂದಿನ ಹಾಡಿನ ಚರಣ ಡ್ರಮ್ಸ್‌ನವನೇ ಬರೀಲಿ, ಆ ಹಾಳೇಲಿ ಅವನ ಹೆಸರೂ ಬರ್ಲಿ.