ಸರ್ಕಾರಿ ವಕೀಲರು ಒಪ್ಪಿದರೆ ರಾಜಿ ಆದಂತೆಯೇ?

ಪರಿಹಾರದ ಮೊತ್ತಕ್ಕೆ ಸರ್ಕಾರಿ ವಕೀಲರು ಬಾಯಿಮಾತಲ್ಲಿ ಒಪ್ಪಿದ್ದರು, ಈಗ ಇಲಾಖೆ ಒಪ್ಪುತ್ತಿಲ್ಲ, ಆ ಮಾತಿಗೆ ಬೆಲೆ ಇದೆಯಾ ಎಂದು ಕೇಳಿದ್ದೀರಿ. ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಬರೀ ಆ ಮಾತಿನ ಮೇಲೆ ನಿಲ್ಲುವುದು ಕಷ್ಟ.

ವಕೀಲರು ವಾದ ಮಾಡಬಹುದು, ಮಾತುಕತೆ ನಡೆಸಬಹುದು. ಹಕ್ಕು ಬಿಟ್ಟುಕೊಡುವುದು ಮಾತ್ರ ಕಕ್ಷಿದಾರರ ಕೈಯಲ್ಲಿರುವ ವಿಷಯ. ಇಲ್ಲಿ ಕಕ್ಷಿದಾರ ಸರ್ಕಾರ, ಕೊಡುವುದು ಜನರ ತೆರಿಗೆ ಹಣ. ಹಾಗಾಗಿ ಸಾಮಾನ್ಯವಾಗಿ ಇಲಾಖೆಯ ಅಧಿಕಾರಿ ಒಪ್ಪಬೇಕು, ಮೊತ್ತ ಜಾಸ್ತಿ ಇದ್ದರೆ ಇನ್ನೂ ಮೇಲಿನವರ ಮಂಜೂರಾತಿ ಬೇಕು. ಅಮೆರಿಕದ ಸುಪ್ರೀಂ ಕೋರ್ಟ್ 1947ರಲ್ಲೇ ಬೆಳೆ ವಿಮೆಯ ಒಂದು ಕೇಸಿನಲ್ಲಿ ಇಂಥದ್ದೇ ಮಾತು ಹೇಳಿತ್ತು: ಸರ್ಕಾರದ ಪರವಾಗಿ ಮಾತಾಡುವವರಿಗೆ ಅಧಿಕಾರ ಎಷ್ಟಿದೆ ಎಂದು ತಿಳಿದುಕೊಳ್ಳುವ ಹೊಣೆ ಎದುರಿನವರದೇ. ಸಾಮಾನ್ಯ ಜನರಿಗೆ ಇದು ತುಂಬಾ ಕಠಿಣ ನಿಯಮ ಅಂತಲೇ ನನಗೆ ಅನ್ನಿಸುತ್ತದೆ, ಆದರೂ ಲೆಕ್ಕಕ್ಕೆ ಇಟ್ಟುಕೊಳ್ಳಲೇಬೇಕು.

ಭಾರತದಲ್ಲಾದರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3 ನೋಡಿ. ದಾವೆಯ ರಾಜಿ ಬರಹದಲ್ಲಿರಬೇಕು, ಸಹಿ ಇರಬೇಕು, ಕಾನೂನುಬದ್ಧ ಅಂತ ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು.

ಹಾಗಂತ ಸುಮ್ನೆ ಕೂರಬೇಡಿ. ಆ ವಕೀಲರಿಗೆ ಇಲಾಖೆಯಿಂದ ಲಿಖಿತ ಸೂಚನೆ ಇತ್ತಾ ಎಂದು ನಿಮ್ಮ ವಕೀಲರ ಮೂಲಕ ಕೇಳಿಸಿ. ಆ ದಿನ ನ್ಯಾಯಾಧೀಶರ ಮುಂದೆ ಏನಾದರೂ ದಾಖಲಾಗಿದ್ದರೆ ಅದರ ಪ್ರತಿ ತೆಗೆಸಿ. ಎರಡೂ ಇಲ್ಲದಿದ್ದರೆ ಅದೇ ಮೊತ್ತವನ್ನು ಪ್ರಸ್ತಾವನೆಯಾಗಿ ಬರೆದು, ಮಂಜೂರು ಮಾಡುವ ಅಧಿಕಾರಿಗೇ ಕಳಿಸಿ. ಮಂಜೂರಾತಿ ಕೈಗೆ ಬರುವವರೆಗೆ ಕೇಸ್ ಮಾತ್ರ ವಾಪಸ್ ತೆಗೆದುಕೊಳ್ಳಬೇಡಿ.