ಚಕ್ರದ ಮುಂದೆ ಅಳ್ತಿರೋ ಆ ತಾಯಿನ ತೆಗ್ದುಬಿಡಿ

ನಮಸ್ಕಾರ,

ನೀವು ಕಳ್ಸಿರೋ 'ಎಸ್ಪೊಸಿಟೊ: ಒಂದು ಹೆಸರಿನ ಕಣ್ಣೀರು' ಲೇಖನ ನಿನ್ನೆ ರಾತ್ರಿ ಓದ್ದೆ, ಬೆಳಗ್ಗೆ ಎದ್ದು ಇನ್ನೊಂದ್ಸಲ ಓದ್ದೆ. ವಿಷಯ ಒಳ್ಳೇದು, ಶ್ರಮ ಪಟ್ಟಿದೀರ, ಭಾಷೆ ಸರಾಗವಾಗಿದೆ. ಇಟಲಿಯ ನೇಪಲ್ಸಲ್ಲಿ ಅತಿ ಹೆಚ್ಚು ಜನಕ್ಕಿರೋ ಎಸ್ಪೊಸಿಟೊ ('ಹೊರಗೆ ಬಿಟ್ಟಿದ್ದು' ಅಂತ ಅರ್ಥ) ಅನ್ನೋ ಸರ್‌ನೇಮ್ ಹುಟ್ಟಿದ್ದು ಹೆತ್ತೋರು ಬಿಟ್ಟುಹೋದ ಮಕ್ಕಳಿಂದ ಅನ್ನೋದನ್ನ ಕನ್ನಡದಲ್ಲಿ ಬರೀಬೇಕು ಅಂತ ನಿಮಗನ್ಸಿದ್ದು ಖುಷಿ. ಆದ್ರೆ ಮೊದಲ ಪ್ಯಾರಾ ಓದಿ ಸಿಟ್ಟು ಬಂತು, ಅದನ್ನ ಹೇಳ್ದೇ ಇರೋಕಾಗಲ್ಲ.

"ಅದು ಕಗ್ಗತ್ತಲ ರಾತ್ರಿ. ಧೋ ಎಂದು ಮಳೆ." ಯಾವ ರಾತ್ರಿ, ಯಾವ ವರ್ಷ? ನೇಪಲ್ಸಿನ ಅನುನ್ಸಿಯಾಟಾ ಆಸ್ಪತ್ರೆ ಗೋಡೆಲಿದ್ದ, ಹೊರಗಿಂದ ಮಗುನ ಇಟ್ಟು ಒಳಗೆ ತಿರುಗಿಸೋ ಆ ಮರದ ಚಕ್ರ ತಲೆಮಾರುಗಟ್ಟಲೆ ತಿರುಗಿದೆ, 1875ರಲ್ಲಿ ಅದನ್ನ ಮುಚ್ಚಿದ್ರು. ಅಷ್ಟು ಕಾಲದಲ್ಲಿ ಮಕ್ಕಳು ಬರೀ ಮಳೆ ರಾತ್ರಿಲೇ ಬಂದ್ರಾ? ಓದೋರು ಅಳ್ಲಿ ಅಂತ ನೀವೇ ಮಳೆ ತರಿಸಿದೀರ.

"ಪಾಪದ ಕೂಸನ್ನು ಎದೆಗವಚಿಕೊಂಡು ಆಕೆ ಬಂದಳು." ಈ 'ಪಾಪದ ಕೂಸು' ನನಗೆ ತುಂಬಾ ನೋವು ಕೊಟ್ಟ ಮಾತು. ಮದುವೆ ಆಗ್ದೇ ಹುಟ್ಟಿದ ಮಕ್ಕಳು ಇದ್ರು ನಿಜ, ಆದ್ರೆ ಮದುವೆಯಾಗಿ ಸಂಸಾರ ಮಾಡ್ಕೊಂಡಿದ್ದೋರೂ ಬಡತನ ತಾಳಲಾರದೆ, ಇನ್ನೊಂದು ಹೊಟ್ಟೆ ತುಂಬಿಸೋಕಾಗ್ದೆ ಮಗುನ ಅಲ್ಲಿಗೆ ತಂದಿಡ್ತಿದ್ರು. ಅದೂ ಅಲ್ದೆ, ನೇಪಲ್ಸ್ ಜನ ಆ ಮಕ್ಕಳನ್ನ ಕರೀತಿದ್ದಿದ್ದು ಮಡೋನಾ ಮಕ್ಕಳು ಅಂತ, ಅಂದ್ರೆ ಮೇರಿ ಮಾತೆಯ ಮಕ್ಕಳು. ಈ ಮಾಹಿತಿ ನಿಮ್ಮ ಲೇಖನದಲ್ಲೇ ಇದೆ, ಆರನೇ ಪ್ಯಾರಾದಲ್ಲಿ, ಒಂದೇ ಒಂದು ಸಾಲು! ಊರಿನವ್ರು ಕೊಟ್ಟ ಹೆಸರು ಹಿಂದೆ ಹೋಯ್ತು, ನೀವು ಕೊಟ್ಟ ಹೆಸರು ಮುಂದೆ ಬಂತು.

"ತಿರುಗಿಯೂ ನೋಡದೆ ಓಡಿದಳು." ಇದನ್ನ ಹೇಗೆ ಬರೆದ್ರಿ? ಫ್ಲಾರೆನ್ಸಿನ ಇನೊಚೆಂಟಿ ಅನಾಥಾಲಯದಲ್ಲಿ ಇವತ್ತಿಗೂ ಇಟ್ಟಿದಾರಲ್ಲ, ಅರ್ಧಕ್ಕೆ ತುಂಡು ಮಾಡಿದ ಪದಕಗಳು. ಒಂದರ್ಧ ಮಗು ಹತ್ರ, ಇನ್ನೊಂದರ್ಧ ಮನೆಲಿ. ಮುಂದೆಂದಾದ್ರೂ ಬಂದು ಎರಡನ್ನೂ ಜೋಡಿಸಿ ಇದು ನಮ್ಮ ಕೂಸು ಅಂತ ಕೇಳೋ ಆಸೆ ಇಟ್ಕೊಂಡ ಹೆಂಗಸು ತಿರುಗಿ ನೋಡ್ಲಿಲ್ಲ ಅಂತ ಬರೆಯೋದು ಅವಳಿಗೆ ಮಾಡೋ ಅನ್ಯಾಯ. ಅದೇ ಅನಾಥಾಲಯಕ್ಕೆ 1445ರ ಫೆಬ್ರವರಿ 5ರಂದು ಬಂದ ಮೊದಲ ಮಗುಗೆ ಅಗಾತಾ ಸ್ಮೆರಾಲ್ಡಾ ಅಂತ ಹೆಸರಿಟ್ರು, ಅದು ಇವತ್ತಿಗೂ ದಾಖಲೆಲಿದೆ. ಇಂಥ ಒಂದು ಹೆಸರು ಸಾಕು, ಮಳೆ ಗುಡುಗು ಯಾವುದೂ ಬೇಡ.

ನಾನು ಬೆಂಗಳೂರಲ್ಲಿ ಒಂದು ವಾರಪತ್ರಿಕೆಲಿ ಕೆಲಸಕ್ಕೆ ಸೇರ್ಕೊಂಡಾಗ ಹಿರಿಯ ಉಪಸಂಪಾದಕರೊಬ್ಬರ ಕೈಕೆಳಗೆ ಹಾಕಿದ್ರು. ಕೆರೆ ಏರಿ ಒಡೆದ ಊರಿಗೆ ಹೋಗಿ ಬಂದು ವರದಿ ಕೊಟ್ಟಿದ್ದೆ, ಅದರಲ್ಲಿ ಒಬ್ಬ ಅಜ್ಜಿ ಅಳ್ತಿದ್ರು ಅಂತಿತ್ತು. ಅವ್ರು ಓದಿ, "ಏನ್ ಹೇಳ್ಕೊಂಡು ಅಳ್ತಿದ್ಲಪ್ಪ ಅವ್ಳು?" ಅಂದ್ರು. ನೋಟ್‌ಬುಕ್ ತೆಗ್ದು ಓದಿದೆ, ಬಿತ್ತನೆಗೆ ಅಂತ ಎತ್ತಿಟ್ಟ ರಾಗಿ ಹೋಯ್ತಲ್ಲ ಅಂತಿದ್ರು. ಅವ್ರು ಏನೂ ಮಾತಾಡ್ದೆ ಆ ರಾಗಿ ಮಾತನ್ನ ವರದಿಯ ಮೊದಲ ಸಾಲಾಗಿ ಮಾಡಿ, 'ಅಳ್ತಿದ್ರು' ಅನ್ನೋದನ್ನ ಹೊಡೆದು ಹಾಕಿ ಪ್ರೆಸ್ಸಿಗೆ ಕಳ್ಸಿದ್ರು. ಅಲ್ಲಿಂದ ಮುಂದೆ ಯಾರಾದ್ರೂ ಅತ್ರು ಅಂತ ಬರೆಯೋಕೆ ಹೋದ್ರೆ ಅವ್ರ ದನಿ ಕೇಳ್ಸುತ್ತೆ, ಹಾಗಾಗಿ ನಿಮ್ಮ ಪ್ಯಾರಾ ನನಗೆ ಅಷ್ಟು ಚುಚ್ಚಿತು ಅನ್ಸುತ್ತೆ.

ಇನ್ನೊಂದು. "ಎಸ್ಪೊಸಿಟೊ, ಕೊಲಂಬೊ ಎಂಬ ಹೆಸರಿನ ಪ್ರತಿಯೊಬ್ಬರೂ ಅನಾಥರ ವಂಶಸ್ಥರು." ಈ 'ಪ್ರತಿಯೊಬ್ಬರೂ' ಖಂಡಿತ ಆಗಲ್ಲ. ಮಿಲಾನಿನ ದೊಡ್ಡಾಸ್ಪತ್ರೆಯ ಲಾಂಛನ ಪಾರಿವಾಳ, ಇಟಾಲಿಯನ್ನಲ್ಲಿ ಕೊಲಂಬೊ ಅಂದ್ರೆ ಪಾರಿವಾಳ, ಅದಕ್ಕೇ ಅಲ್ಲಿಗೆ ಬಂದ ಮಕ್ಕಳಿಗೆ ಕೊಲಂಬೊ ಅಂತ ಹೆಸರು ಕೊಡ್ತಿದ್ರು, ಅದು ಸರಿ. ಆದ್ರೆ ಕೊಲಂಬೊ ಅನ್ನೋದು ಅದಕ್ಕೂ ಮುಂಚೆಯಿಂದ ಬೇರೆ ಕಡೆನೂ ಇದ್ದ ಹೆಸರು, ನಾವು ಕೊಲಂಬಸ್ ಅನ್ನೋ ಮನುಷ್ಯನದ್ದೂ ಅದೇ ಹೆಸರು, ಅವನು ಜಿನೋವಾದ ಒಬ್ಬ ನೇಕಾರನ ಮಗ, ಅಪ್ಪನ ಹೆಸರು ಡೊಮೆನಿಕೊ. ಎಸ್ಪೊಸಿಟೊ ವಿಷಯದಲ್ಲಿ ನಿಮ್ಮ ಮಾತು ಬಹುಮಟ್ಟಿಗೆ ನಿಲ್ಲುತ್ತೆ, ಆದ್ರೂ 'ವಂಶಸ್ಥರು' ಅನ್ನೋ ಮುಂಚೆ ಒಂದು ಲೆಕ್ಕ ನೋಡಿ. ಸರ್‌ನೇಮ್ ಸಾಮಾನ್ಯವಾಗಿ ಅಪ್ಪನ ಕಡೆಯಿಂದ ಬರೋದು. ಹತ್ತು ತಲೆಮಾರು ಹಿಂದಕ್ಕೆ ಹೋದ್ರೆ ಒಬ್ಬ ಮನುಷ್ಯನಿಗೆ 1024 ಪೂರ್ವಜರ ಜಾಗ ಇರುತ್ತೆ, ಆ ಹೆಸರು ಬಂದಿದ್ದು ಅದರಲ್ಲಿ ಒಂದೇ ಜಾಗದಿಂದ. ಉಳಿದೋರೆಲ್ಲ ಮೀನುಗಾರರೋ ರೈತರೋ ದರ್ಜಿಗಳೋ ಯಾರ್ಯಾರೋ. ಇವತ್ತು ನೇಪಲ್ಸಲ್ಲಿ ಅಂಗಡಿ ಇಟ್ಕೊಂಡಿರೋ ಎಸ್ಪೊಸಿಟೊಗೆ ಅನಾಥ ಅನ್ನೋ ಹಣೆಪಟ್ಟಿ ಹಚ್ಚೋಕೆ ನಮಗೇನು ಹಕ್ಕು?

ನೆಪೋಲಿಯನ್ನನ ಭಾವ ಮ್ಯುರಾ ನೇಪಲ್ಸಿಗೆ ರಾಜನಾಗಿದ್ದಾಗ ಹೊಸ ಮಕ್ಕಳಿಗೆ ಎಸ್ಪೊಸಿಟೊ ಅನ್ನೋ ಹೆಸರು ಕೊಡೋದನ್ನೇ ನಿಲ್ಸಿದ್ರು, ಹೆಸರು ಕೇಳಿದ ಕೂಡ್ಲೇ ಜನ ಹುಟ್ಟನ್ನ ಅಳೀತಾರೆ ಅಂತ. ಅದನ್ನ ನೀವು ಅಡಿಟಿಪ್ಪಣಿಲಿ ಹಾಕಿದೀರ. ಲೇಖನದ ನಡುಮಧ್ಯಕ್ಕೆ ತನ್ನಿ. ಮೊದಲ ಪ್ಯಾರಾ ಪೂರ್ತಿ ತೆಗೀರಿ, ಆರನೇದರಿಂದ ಶುರು ಮಾಡಿ, ಶೀರ್ಷಿಕೆಲಿರೋ ಕಣ್ಣೀರನ್ನೂ ತೆಗೀರಿ. ತಿದ್ದಿ ನನಗೇ ಕಳ್ಸಿ, ನಾನೇ ಓದ್ತೀನಿ.