ಮಗಳಿಗೆ ಅಜ್ಜಿಯ ‘ಮುನಿಯಮ್ಮ’ ಹೆಸರಿಟ್ಟರೆ ಬೆಂಗಳೂರಲ್ಲಿ ಜನ ಕೀಳಾಗಿ ನೋಡುತ್ತಾರಾ?

ಕೆಲವರು ನೋಡುತ್ತಾರೆ, ಸುಳ್ಳು ಹೇಳಲಾರೆ. ಆದರೆ ಅವರು ಅಳೆಯುವುದು ಹೆಸರನ್ನಲ್ಲ, ಅದರ ಹಿಂದೆ ತಾವು ಊಹಿಸಿಕೊಂಡ ಜಾತಿ, ಕಸುಬು, ಬಡತನವನ್ನು. ಮುನಿಯಮ್ಮ, ಮುನಿರಾಜು ಮುನೇಶ್ವರನ ಹೆಸರುಗಳು. ಅಣ್ಣಮ್ಮನಂತೂ ಮೆಜೆಸ್ಟಿಕ್ ಬಳಿ ಗುಡಿಯಿರುವ ನಗರದೇವತೆ. ಈ ಊರಿನ ಹಳೇ ಮನೆತನಗಳು ಹರಕೆ ಹೊತ್ತು ಇಟ್ಟ ಹೆಸರುಗಳಿವು. ಮನೆಗೆಲಸದವರು, ಸೊಪ್ಪು ಮಾರುವವರ ಬಾಯಲ್ಲಿ ಮಾತ್ರ ಇವನ್ನು ಕೇಳಿದ ಅಪಾರ್ಟ್‌ಮೆಂಟಿನವರಿಗೆ ‘ಲೋಕಲ್’ ಅನ್ನಿಸುತ್ತವೆ. 2013ರಲ್ಲಿ ವಿಮಾನ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟಾಗ ಹೆಮ್ಮೆಪಟ್ಟೆವು. ಮಗುವಿಗೆ ಕೆಂಪಮ್ಮ ಅಂದರೆ ಮಾತ್ರ ನಗು. ನನಗಿದು ನಿಜಕ್ಕೂ ನೋವು. (ಕಿಯಾರಾ ಅಂತ ಇಟ್ಟವರನ್ನು ಹಂಗಿಸುವುದೂ ಅದೇ ರೋಗ.)

ಅಜ್ಜಿಯ ಹೆಸರೇ ಇಡಿ. ಮನೆಯಲ್ಲಿ ಇನ್ನೂ ಚರ್ಚೆಯಿದ್ದರೆ ಆತುರ ಬೇಡ: ಜನನ ನೋಂದಣಿಯಾದ ಮೇಲೆ ಹೆಸರು ಸೇರಿಸಲು 12 ತಿಂಗಳವರೆಗೆ ಶುಲ್ಕವಿಲ್ಲ.